ಎರಡನೇ ಮಗುವಿನ ಮೊದಲ ಹದಿನೆಂಟು ತಿಂಗಳು: ಬೆಳವಣಿಗೆಯನ್ನು ಗಮನಿಸುವ ಕ್ರಮ

ಎರಡನೇ ಮಗುವಿನ ತಂದೆತಾಯಿಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮುಖ್ಯವಾಗಿ ಎರಡು. "ದೊಡ್ಡವಳು ಹತ್ತು ತಿಂಗಳಿಗೇ ಹೆಜ್ಜೆ ಇಟ್ಟಿದ್ದಳು, ಚಿಕ್ಕವನು ವರ್ಷ ತುಂಬಿದರೂ ಹಿಡಿದುಕೊಂಡೇ ನಿಲ್ಲುತ್ತಾನೆ, ತೊಂದರೆ ಏನಾದರೂ ಇರಬಹುದೇ?" ಎಂಬುದು ಒಂದು. "ಚಿಕ್ಕವಳು ಇನ್ನೂ ಮಾತಾಡುತ್ತಿಲ್ಲ, ಅವಳ ಪಾಲಿನದನ್ನೆಲ್ಲ ಅಣ್ಣನೇ ಆಡಿಬಿಡುತ್ತಾನೆ, ಅದಕ್ಕೇ ಇರಬೇಕು ಅಲ್ಲವೇ?" ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳುವವರು ಆತಂಕದಲ್ಲಿರುತ್ತಾರೆ, ಎರಡನೆಯದನ್ನು ಕೇಳುವವರು ಉತ್ತರವನ್ನೂ ತಾವೇ ಹೇಳಿಕೊಂಡು ನೆಮ್ಮದಿಯಾಗಿರುತ್ತಾರೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಎರಡನೆಯ ಪ್ರಶ್ನೆ.

ಎರಡರಲ್ಲೂ ದೊಡ್ಡ ಮಗುವೇ ಅಳತೆಗೋಲು. ಒಂದೇ ಮಗುವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಅದು ಬೇಗ ನಡೆದ ಮನೆಯಲ್ಲಿ ಇಲ್ಲದ ತೊಂದರೆ ಕಾಣುತ್ತದೆ, ಅದು ತಡವಾಗಿ ನಡೆದ ಮನೆಯಲ್ಲಿ ಇರುವ ತೊಂದರೆ ಕಾಣದೇ ಹೋಗುತ್ತದೆ. ಹುಟ್ಟಿನಿಂದ ಹದಿನೆಂಟು ತಿಂಗಳವರೆಗೆ ಎರಡನೇ ಮಗುವಿನಲ್ಲಿ ಯಾವುದನ್ನು, ಯಾವಾಗ, ಹೇಗೆ ಗಮನಿಸಬೇಕು ಮತ್ತು ಕಾಯುವುದನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಮಗುವನ್ನು ಕಣ್ಣಾರೆ ನೋಡುವ ವೈದ್ಯರ ಮಾತಿಗೆ ಇದು ಬದಲಿಯಲ್ಲ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಮೊಬೈಲ್ ಕ್ಯಾಮೆರಾ, ಹೆರಿಗೆಯ ವೇಳೆ ಕೊಟ್ಟ ದಾಖಲೆ, ಲಸಿಕೆ ಹಾಗೂ ತೂಕದ ಕಾರ್ಡ್, ನೆಲದ ಮೇಲೆ ಹಾಸಲು ಗಟ್ಟಿಯಾದ ಒಂದು ಚಾಪೆ ಅಥವಾ ಜಮಖಾನ. ದೊಡ್ಡ ಮಗುವಿನ ಹಳೆಯ ವಿಡಿಯೋಗಳು ಫೋನಿನಲ್ಲಿ ಉಳಿದಿದ್ದರೆ ಅವೂ ಕೆಲಸಕ್ಕೆ ಬರುತ್ತವೆ.

ಹಂತ 1: ವಯಸ್ಸನ್ನು ಸರಿಯಾಗಿ ಲೆಕ್ಕ ಹಾಕಿ

ಮಗು 37 ವಾರ ತುಂಬುವ ಮೊದಲೇ ಹುಟ್ಟಿದ್ದರೆ ಅದನ್ನು ಅವಧಿಪೂರ್ವ ಜನನ ಎನ್ನುತ್ತಾರೆ. ಅಂಥ ಮಗುವಿನ ಬೆಳವಣಿಗೆಯನ್ನು ನೋಡುವಾಗ ಹುಟ್ಟಿದ ದಿನದಿಂದ ಎಣಿಸದೆ, ಹೆರಿಗೆಗೆಂದು ವೈದ್ಯರು ಕೊಟ್ಟಿದ್ದ ನಿರೀಕ್ಷಿತ ದಿನದಿಂದ ಎಣಿಸಬೇಕು. ಹೀಗೆ ಬರುವ ವಯಸ್ಸಿಗೆ ತಿದ್ದಿದ ವಯಸ್ಸು ಎಂದು ಹೆಸರು. 32 ವಾರಕ್ಕೆ ಹುಟ್ಟಿದ ಮಗು 40 ವಾರಕ್ಕಿಂತ 8 ವಾರ ಮುಂಚಿತವಾಗಿ ಬಂದಿದೆ. ಆದ್ದರಿಂದ ಅದಕ್ಕೆ ಆರು ತಿಂಗಳು ತುಂಬಿದಾಗ ಬೆಳವಣಿಗೆಯ ಲೆಕ್ಕದಲ್ಲಿ ನಾಲ್ಕು ತಿಂಗಳಷ್ಟೇ ಆಗಿರುತ್ತದೆ. ಎರಡು ವರ್ಷ ತುಂಬುವವರೆಗೆ ಈ ತಿದ್ದುಪಡಿಯನ್ನು ಬಳಸುವುದು ರೂಢಿ. ದೊಡ್ಡ ಮಗು ತುಂಬು ತಿಂಗಳಿಗೆ ಹುಟ್ಟಿ ಚಿಕ್ಕದು ಮುಂಚಿತವಾಗಿ ಹುಟ್ಟಿದ ಮನೆಗಳಲ್ಲಿ ಅನಗತ್ಯ ಭಯದ ಬಹುಪಾಲು ಈ ಒಂದು ಲೆಕ್ಕದಿಂದಲೇ ಕರಗುತ್ತದೆ.

ಎಚ್ಚರಿಕೆ: ಲಸಿಕೆಗಳಿಗೆ ಸಾಮಾನ್ಯವಾಗಿ ಈ ತಿದ್ದುಪಡಿ ಅನ್ವಯಿಸುವುದಿಲ್ಲ, ಅವುಗಳಿಗೆ ಹುಟ್ಟಿದ ದಿನಾಂಕವೇ ಆಧಾರ. ಹಾಗೆಯೇ, ತಿದ್ದಿದ ವಯಸ್ಸಿನ ಪ್ರಕಾರವೂ ಮಗು ಹಿಂದೆ ಉಳಿದಿದ್ದರೆ "ಬೇಗ ಹುಟ್ಟಿದ್ದಲ್ಲವೇ" ಎಂಬ ಕಾರಣವನ್ನು ಎರಡನೇ ಬಾರಿ ಕೊಡಲು ಬರುವುದಿಲ್ಲ, ಏಕೆಂದರೆ ಆ ರಿಯಾಯಿತಿಯನ್ನು ಲೆಕ್ಕದಲ್ಲಿ ಆಗಲೇ ಕೊಟ್ಟಾಗಿದೆ.

ಹಂತ 2: ನೆನಪನ್ನು ಬದಿಗಿಟ್ಟು ಅವಧಿಯನ್ನು ನೋಡಿ

ದೊಡ್ಡ ಮಗು ಯಾವಾಗ ಕುಳಿತಿತು, ಯಾವಾಗ ನಡೆಯಿತು ಎಂಬ ನೆನಪು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ನಂಬುವ ಮೊದಲು ದಿನಾಂಕವಿರುವ ವಿಡಿಯೋ ಅಥವಾ ಫೋಟೋ ಜೊತೆ ಹೋಲಿಸಿ ನೋಡಿ. ಒಂದೆರಡು ತಿಂಗಳ ವ್ಯತ್ಯಾಸ ಬಂದರೆ ಆಶ್ಚರ್ಯಪಡಬೇಡಿ. ಕೈ ಹಿಡಿದು ಇಟ್ಟ ಹೆಜ್ಜೆ, ಒಂದು ಹೆಜ್ಜೆ ಇಟ್ಟು ಕುಸಿದದ್ದು, ಕೋಣೆ ದಾಟಿ ನಡೆದದ್ದು, ಎಲ್ಲವೂ ನೆನಪಿನಲ್ಲಿ "ನಡೆದಳು" ಎಂಬ ಒಂದೇ ಮಾತಾಗಿ ಉಳಿದಿರುತ್ತವೆ.

ನೆನಪಿಗಿಂತ ಉಪಯುಕ್ತವಾದದ್ದು ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅವಧಿಗಳ ಪಟ್ಟಿ. ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ನಿಯಮಿತವಾಗಿ ಪರೀಕ್ಷಿಸಿ ಇದನ್ನು ಸಿದ್ಧಪಡಿಸಲಾಯಿತು. ಆಸರೆಯಿಲ್ಲದೆ ಕುಳಿತುಕೊಳ್ಳುವುದು 3.8 ತಿಂಗಳಿಂದ 9.2 ತಿಂಗಳೊಳಗೆ, ಹಿಡಿದುಕೊಂಡು ನಿಲ್ಲುವುದು 4.8ರಿಂದ 11.4ರೊಳಗೆ, ಅಂಬೆಗಾಲಿಡುವುದು 5.2ರಿಂದ 13.5ರೊಳಗೆ, ಹಿಡಿದುಕೊಂಡು ನಡೆಯುವುದು 5.9ರಿಂದ 13.7ರೊಳಗೆ, ತಾನೇ ನಿಲ್ಲುವುದು 6.9ರಿಂದ 16.9ರೊಳಗೆ, ತಾನೇ ನಡೆಯುವುದು 8.2ರಿಂದ 17.6 ತಿಂಗಳೊಳಗೆ ಎಂದು ಅದು ಗುರುತಿಸಿತು. ನೂರು ಮಕ್ಕಳಲ್ಲಿ ತೀರಾ ಮೊದಲಿನ ಒಂದನ್ನೂ ತೀರಾ ಕೊನೆಯ ಒಂದನ್ನೂ ಬಿಟ್ಟು ಉಳಿದವು ಈ ಅವಧಿಯೊಳಗೆ ಬರುತ್ತವೆ ಎಂದು ಸ್ಥೂಲವಾಗಿ ತಿಳಿಯಬಹುದು. ಒಂಬತ್ತು ತಿಂಗಳಿಗೆ ನಡೆದ ಅಕ್ಕ ಮತ್ತು ಹದಿನಾರು ತಿಂಗಳಿಗೆ ನಡೆದ ತಮ್ಮ ಇಬ್ಬರೂ ಈ ಅವಧಿಯ ಒಳಗೇ ಇದ್ದಾರೆ. ಅದೇ ಅಧ್ಯಯನದಲ್ಲಿ ಶೇಕಡಾ ನಾಲ್ಕರಷ್ಟು ಮಕ್ಕಳು ಅಂಬೆಗಾಲನ್ನೇ ಇಡದೆ ಮುಂದಕ್ಕೆ ಹೋದವು.

ಇದರ ಜೊತೆಗೆ ಬೇರೊಂದು ಬಗೆಯ ಪಟ್ಟಿಯೂ ನಿಮ್ಮ ಕಣ್ಣಿಗೆ ಬೀಳುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2022ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ, ಆಯಾ ವಯಸ್ಸಿಗೆ ನಾಲ್ಕರಲ್ಲಿ ಮೂರರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಮಾಡುವಂಥದ್ದನ್ನು ಮಾತ್ರ ಇಡಲಾಗಿದೆ. ಹಿಂದಿನ ಪಟ್ಟಿಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಮಾಡುವುದನ್ನು ಇಡಲಾಗಿತ್ತು. ಅಂಬೆಗಾಲಿಡುವುದನ್ನು ಹೊಸ ಪಟ್ಟಿಯಿಂದ ಕೈಬಿಡಲಾಗಿದೆ. ಹೀಗಾಗಿ ಯಾವುದೇ ಪಟ್ಟಿಯನ್ನು ಓದುವಾಗ ಅದು ಸರಾಸರಿಯನ್ನು ಹೇಳುತ್ತಿದೆಯೇ, ಬಹುಪಾಲು ಮಕ್ಕಳು ತಲುಪುವ ವಯಸ್ಸನ್ನೇ ಅಥವಾ ಕೊನೆಯ ಗಡಿಯನ್ನೇ ಎಂದು ಮೊದಲು ನೋಡಿಕೊಳ್ಳಿ. ಸರಾಸರಿಯನ್ನು ಗಡಿಯೆಂದು ಓದಿಕೊಂಡರೆ ಅರ್ಧದಷ್ಟು ಮಕ್ಕಳು "ಹಿಂದುಳಿದವು" ಆಗಿಬಿಡುತ್ತವೆ.

ಎಚ್ಚರಿಕೆ: ದೊಡ್ಡ ಮಗುವಿಗೇ ಬೆಳವಣಿಗೆಯಲ್ಲಿ ವಿಳಂಬವಿದ್ದು, ಆಗ ಅದು ಯಾರ ಗಮನಕ್ಕೂ ಬರದಿದ್ದರೆ, ಚಿಕ್ಕದರ ವಿಳಂಬವೂ ಸಹಜವೆಂದೇ ತೋರುತ್ತದೆ. ದೊಡ್ಡ ಮಗುವಿಗೆ ಆಟಿಸಂ ಇದೆಯೆಂದು ಗೊತ್ತಾಗಿದ್ದರೆ ಆ ಸಂಗತಿಯನ್ನು ಎರಡನೆಯ ಮಗುವಿನ ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಿ. ಅಂಥ ಕುಟುಂಬಗಳಲ್ಲಿ ನಂತರ ಹುಟ್ಟಿದ ಮಕ್ಕಳ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಕಾಣಿಸಿಕೊಳ್ಳುತ್ತದೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮೊದಲಿನಿಂದಲೇ ಹತ್ತಿರದ ನಿಗಾ ಬೇಕಾಗುತ್ತದೆ.

ಹಂತ 3: ತಿಂಗಳಿಗೊಮ್ಮೆ ಹತ್ತು ನಿಮಿಷ ಮೀಸಲಿಡಿ

ಮೊದಲ ಮಗುವಿನ ಕಾಲದಲ್ಲಿ ದಿನವಿಡೀ ಅದನ್ನೇ ನೋಡುತ್ತಾ ಕೂರಲು ಸಾಧ್ಯವಿತ್ತು. ಈಗ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮಗು ಹುಟ್ಟಿದ ತಾರೀಖು ಪ್ರತಿ ತಿಂಗಳು ಬಂದಾಗ ಹತ್ತು ನಿಮಿಷ ಅದರೊಂದಿಗೆ ನೆಲದ ಮೇಲೆ ಕುಳಿತು, ನೋಡಿದ್ದನ್ನು ನಾಲ್ಕು ಸಾಲು ಬರೆದಿಡಿ: ದೇಹದ ಚಲನೆ, ಕೈಗಳ ಕೆಲಸ, ಧ್ವನಿ ಮತ್ತು ಆಲಿಸುವಿಕೆ, ಜನರೊಂದಿಗಿನ ಒಡನಾಟ. ದೊಡ್ಡ ಮಗು ಮಲಗಿರುವ ಅಥವಾ ಹೊರಗಿರುವ ಹೊತ್ತನ್ನೇ ಆರಿಸಿಕೊಳ್ಳಿ. ಅಣ್ಣನೋ ಅಕ್ಕನೋ ಎದುರಿಗಿದ್ದರೆ ಮಗು ಅವರನ್ನೇ ನೋಡುತ್ತದೆ, ಅವರು ಆಟಿಕೆಯನ್ನು ಅದರ ಕೈಗೇ ತಂದುಕೊಡುತ್ತಾರೆ, ಅದು ತಾನಾಗಿ ಏನು ಮಾಡುತ್ತದೆ ಎಂಬುದು ಮರೆಯಾಗುತ್ತದೆ.

ಬರೆಯುವಾಗ "ಚೆನ್ನಾಗಿ ಆಡುತ್ತಿದೆ" ಎಂಬಂಥ ವಾಕ್ಯದಿಂದ ಮುಂದೆ ಯಾವ ಪ್ರಯೋಜನವೂ ಆಗುವುದಿಲ್ಲ. "ಬೋರಲಾಗಿ ಮಲಗಿಸಿದಾಗ ಮೊಣಕೈ ಊರಿ ಎದೆ ಎತ್ತಿತು" ಎಂದು ಬರೆಯಿರಿ. ಸಂದೇಹ ಹುಟ್ಟಿಸಿದ ಚಲನೆಯನ್ನು ವಿಡಿಯೋ ಮಾಡಿಡಿ. ವೈದ್ಯರ ಕೋಣೆಯಲ್ಲಿ ಮಗು ಅದನ್ನು ಮಾಡಿ ತೋರಿಸುವ ಸಾಧ್ಯತೆ ಕಡಿಮೆ.

ಹಂತ 4: ಮೊದಲ ಮೂರು ತಿಂಗಳಲ್ಲಿ ತಾನಾಗಿ ಆಗುವುದನ್ನೂ ಕಲಿತದ್ದನ್ನೂ ಬೇರ್ಪಡಿಸಿ

ನವಜಾತ ಶಿಶುವಿನ ಹಲವು ಚಲನೆಗಳು ಪ್ರತಿವರ್ತನೆಗಳು, ಅಂದರೆ ಮಗುವಿನ ಇಚ್ಛೆಯಿಲ್ಲದೆ ನರಮಂಡಲ ತಾನಾಗಿ ನಡೆಸುವ ಚಲನೆಗಳು. ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುವುದು, ಪಾದ ನೆಲಕ್ಕೆ ತಾಗಿಸಿ ಎತ್ತಿ ಹಿಡಿದರೆ ಹೆಜ್ಜೆ ಹಾಕಿದಂತೆ ಮಾಡುವುದು, ಸದ್ದಿಗೆ ಬೆಚ್ಚಿ ಕೈಗಳನ್ನು ಚಾಚುವುದು ಈ ಗುಂಪಿಗೆ ಸೇರುತ್ತವೆ. ಹೆಜ್ಜೆ ಹಾಕಿದಂತೆ ಮಾಡುವುದು ಸುಮಾರು ಎರಡು ತಿಂಗಳಿಗೆ ಕಾಣೆಯಾಗುತ್ತದೆ. ಮುಷ್ಟಿ ಬಿಗಿಯುವುದು ಮತ್ತು ಬೆಚ್ಚುವುದು ನಾಲ್ಕರಿಂದ ಆರು ತಿಂಗಳೊಳಗೆ ಮಸುಕಾಗುತ್ತವೆ. "ಅಕ್ಕನಿಗಿಂತ ಚುರುಕು, ತಿಂಗಳ ಕೂಸಿಗೇ ನಿಲ್ಲುವ ಹಟ" ಎಂದು ಮನೆಯವರು ಸಂಭ್ರಮಿಸಿದರೆ ಸಂಭ್ರಮಿಸಲಿ, ನೋಟ್‌ಬುಕ್ಕಿನಲ್ಲಿ ಮಾತ್ರ ಅದನ್ನು ಸಾಧನೆಯೆಂದು ಬರೆಯಬೇಡಿ. ಆ ಹೆಜ್ಜೆ ಕಾಣೆಯಾದಾಗ ಗಾಬರಿಯಾಗುವ ಕಾರಣವೂ ಇರುವುದಿಲ್ಲ.

ಈ ಅವಧಿಯಲ್ಲಿ ನಿಜವಾಗಿ ಗಮನಿಸಬೇಕಾದದ್ದು ಕಣ್ಣು ಮತ್ತು ನಗು. ನಿದ್ದೆಯಲ್ಲಿ ತುಟಿ ಅರಳುವುದು ಮೊದಲ ದಿನಗಳಿಂದಲೇ ಇರುತ್ತದೆ. ನಿಮ್ಮ ಮುಖ ಕಂಡು, ನಿಮ್ಮ ನಗುವಿಗೆ ಉತ್ತರವಾಗಿ ನಗುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ಸುಮಾರಿಗೆ ಶುರುವಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಮಗು ನಿಮ್ಮ ಮುಖದ ಮೇಲೆ ದೃಷ್ಟಿ ನಿಲ್ಲಿಸಿ, ನೀವು ಸರಿದತ್ತ ಕಣ್ಣು ಹೊರಳಿಸಬೇಕು. ಮೂರು ತಿಂಗಳು ಮುಗಿದರೂ ಹೀಗೆ ನಗದಿದ್ದರೆ, ಮುಖದತ್ತ ನೋಡದಿದ್ದರೆ ತೋರಿಸಿ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣಿನ ಪಾಪೆ ಕೆಂಪಾಗಿ ಕಾಣುವುದು ಸಾಮಾನ್ಯ. ಒಂದು ಕಣ್ಣಿನ ಪಾಪೆ ಬಿಳಿಯಾಗಿ ಹೊಳೆದರೆ ಮುಂದಿನ ಲಸಿಕೆಯ ದಿನದವರೆಗೆ ಕಾಯದೆ ಕೂಡಲೇ ಕಣ್ಣಿನ ತಜ್ಞರಲ್ಲಿಗೆ ಕರೆದೊಯ್ಯಿರಿ.

ಹಂತ 5: ನೆಲದ ಮೇಲೆ ಸಾಕಷ್ಟು ಹೊತ್ತು ಬಿಡಿ

ಎರಡನೇ ಮಗುವಿಗೆ ನೆಲದ ಸಮಯ ಕಡಿಮೆ ಸಿಗುತ್ತದೆ. ದೊಡ್ಡದು ಓಡಾಡುತ್ತಾ ತುಳಿದುಬಿಟ್ಟೀತು ಎಂಬ ಭಯಕ್ಕೆ ಚಿಕ್ಕದನ್ನು ತೋಳಿನಲ್ಲಿ, ಒರಗು ಕುರ್ಚಿಯಲ್ಲಿ ಅಥವಾ ತಳ್ಳುಗಾಡಿಯಲ್ಲಿ ಇಟ್ಟುಕೊಳ್ಳುವುದು ಸಹಜ. ಆದರೆ ಕತ್ತು ನಿಲ್ಲುವುದು, ಮಗುಚಿಕೊಳ್ಳುವುದು, ತೆವಳುವುದು ಇವೆಲ್ಲಕ್ಕೂ ಬೇಕಾದ ಸ್ನಾಯುಬಲ ಬರುವುದು ಎಚ್ಚರವಿದ್ದಾಗ ಹೊಟ್ಟೆಯ ಮೇಲೆ ಮಲಗಿ ಒದ್ದಾಡುವುದರಿಂದ. ಇನ್ನೂ ಓಡಾಡದ ಶಿಶುವಿಗೆ ದಿನದಲ್ಲಿ ಒಟ್ಟು 30 ನಿಮಿಷವಾದರೂ ಹೀಗೆ ಬೋರಲಾಗಿರುವ ಅವಕಾಶ ಬೇಕು, ಯಾವುದೇ ಆಸನದಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು, ಒಂದು ವರ್ಷದೊಳಗೆ ಪರದೆಯ ಮುಂದೆ ಕೂರಿಸಲೇಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಮೊದಲ ವಾರಗಳಲ್ಲಿ ಒಮ್ಮೆಗೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಬಾರಿ ಸಾಕು. ಮಗು ಅತ್ತರೆ ನಿಮ್ಮ ಎದೆಯ ಮೇಲೆಯೇ ಬೋರಲಾಗಿ ಮಲಗಿಸಿಕೊಳ್ಳಿ, ಅದೂ ಲೆಕ್ಕಕ್ಕೆ ಬರುತ್ತದೆ.

ನಿದ್ದೆಗೆ ಈ ಮಾತು ಅನ್ವಯಿಸುವುದಿಲ್ಲ. ಮಲಗಿಸುವಾಗ ಯಾವಾಗಲೂ ಅಂಗಾತವಾಗಿಯೇ ಮಲಗಿಸಬೇಕು. ಬೋರಲಾಗಿ ಆಡುತ್ತಾ ಅಲ್ಲೇ ನಿದ್ದೆ ಹೋದರೆ ಮೆಲ್ಲಗೆ ಹೊರಳಿಸಿ.

ದೊಡ್ಡ ಮಗುವನ್ನು ಈ ಕೆಲಸಕ್ಕೆ ಜೊತೆ ಮಾಡಿಕೊಳ್ಳಬಹುದು. ಅದು ಎದುರಿಗೆ ತಾನೂ ಬೋರಲು ಮಲಗಿ ಮುಖ ತೋರಿಸಿದರೆ, ಯಾವ ಆಟಿಕೆಗೂ ಎತ್ತದ ತಲೆಯನ್ನು ಚಿಕ್ಕದು ಎತ್ತುತ್ತದೆ. ಆದರೆ ದೊಡ್ಡದರ ಆಟಿಕೆಗಳನ್ನು ಆ ಚಾಪೆಯ ಸುತ್ತಳತೆಯಿಂದ ಹೊರಗೆ, ಎತ್ತರದಲ್ಲಿ ಇಡಬೇಕು. ಗುಂಡಿಯಾಕಾರದ ಚಿಕ್ಕ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು; ಒಂದಕ್ಕಿಂತ ಹೆಚ್ಚು ಆಯಸ್ಕಾಂತದ ತುಣುಕುಗಳನ್ನು ನುಂಗಿದರೆ ಅವು ಕರುಳಿನ ಗೋಡೆಗಳನ್ನು ನಡುವೆ ಸಿಲುಕಿಸಿಕೊಂಡು ಅಂಟಿಕೊಳ್ಳುತ್ತವೆ. ಈ ಎರಡರಲ್ಲಿ ಯಾವುದನ್ನು ನುಂಗಿರುವ ಸಂದೇಹ ಬಂದರೂ ಲಕ್ಷಣಗಳಿಗೆ ಕಾಯದೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ಹಂತ 6: ನಾಲ್ಕರಿಂದ ಒಂಬತ್ತು ತಿಂಗಳಲ್ಲಿ ಎರಡೂ ಬದಿಗಳನ್ನು ನೋಡಿ

ನಾಲ್ಕು ತಿಂಗಳ ಹೊತ್ತಿಗೆ ಎತ್ತಿ ಹಿಡಿದಾಗ ಕತ್ತು ನಿಲ್ಲಬೇಕು, ಮುಷ್ಟಿ ಬಹುಪಾಲು ಬಿಚ್ಚಿರಬೇಕು. ಆರು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ಮಗುಚಿಕೊಳ್ಳುತ್ತವೆ ಮತ್ತು ಬೇಕಾದದ್ದಕ್ಕೆ ಕೈ ಚಾಚುತ್ತವೆ. ಆ ಸುಮಾರಿಗೆ ಒಂದು ಕೈಯಲ್ಲಿದ್ದದ್ದನ್ನು ಇನ್ನೊಂದಕ್ಕೆ ದಾಟಿಸುವುದೂ ಕಾಣಿಸತೊಡಗುತ್ತದೆ. ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರುತ್ತವೆ. ಒಂಬತ್ತು ಹತ್ತು ತಿಂಗಳ ಸುಮಾರಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳಿಂದ ಚಿಕ್ಕ ವಸ್ತುವನ್ನು ಹೆಕ್ಕುವ ಚಿವುಟು ಹಿಡಿತ ಬರುತ್ತದೆ. ಮೇಲೆ ಹೇಳಿದ ಚಿಕ್ಕ ವಸ್ತುಗಳ ಅಪಾಯ ನಿಜವಾಗಿ ಹೆಚ್ಚುವುದು ಆಗಲೇ.

ಯಾವ ತಿಂಗಳು ಎಂಬುದರಷ್ಟೇ ಮುಖ್ಯವಾದದ್ದು ಹೇಗೆ ಎಂಬುದು. ಯಾವಾಗಲೂ ಒಂದೇ ಪಕ್ಕಕ್ಕೆ ಮಗುಚುತ್ತದೆಯೇ? ಒಂದೇ ಕೈ ಚಾಚಿ ಇನ್ನೊಂದನ್ನು ಮುಷ್ಟಿ ಮಾಡಿಯೇ ಇಟ್ಟಿರುತ್ತದೆಯೇ? "ಅಪ್ಪನಂತೆ ಎಡಚ, ಈಗಲೇ ಗೊತ್ತಾಗುತ್ತದೆ" ಎಂದು ಇದನ್ನು ತಮಾಷೆಯಾಗಿ ತಳ್ಳಿಹಾಕುವುದುಂಟು. ವರ್ಷ ತುಂಬುವ ಮೊದಲು ಒಂದೇ ಕೈಗೆ ಸ್ಪಷ್ಟವಾದ ಒಲವು ಕಾಣಿಸಿದರೆ ಇನ್ನೊಂದು ಬದಿಯಲ್ಲಿ ಬಲ ಕಡಿಮೆಯಿರುವ ಸಾಧ್ಯತೆ ಇರುವುದರಿಂದ ತಪಾಸಣೆ ಅಗತ್ಯ. ಡಯಾಪರ್ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗಿ ತೆರೆಯದಿದ್ದರೆ ಅಥವಾ ಒಂದು ಕಾಲು ಗಿಡ್ಡವಾಗಿ ಕಂಡರೆ ಸೊಂಟದ ಕೀಲನ್ನು ಪರೀಕ್ಷಿಸಲು ಕೇಳಿ. ಮೈ ತೀರಾ ಬಿಗಿಯಾಗಿರುವುದು ಅಥವಾ ಎತ್ತಿದರೆ ಕೈಯಿಂದ ಜಾರುವಷ್ಟು ಸಡಿಲವಾಗಿರುವುದು ಕೂಡ ತೋರಿಸಬೇಕಾದ ಸಂಗತಿಗಳೇ. ಎರಡನೇ ಮಗುವನ್ನು ಹೆತ್ತವರಿಗೆ ಇಲ್ಲೊಂದು ಅನುಕೂಲವಿದೆ: ಕೂಸನ್ನು ಎತ್ತಿಕೊಂಡರೆ ಹೇಗಿರಬೇಕು ಎಂಬುದು ಅವರ ಕೈಗಳಿಗೆ ಗೊತ್ತಿರುತ್ತದೆ. "ಇದನ್ನು ಹಿಡಿದರೆ ಯಾಕೋ ಬೇರೆಯೇ ಅನ್ನಿಸುತ್ತದೆ" ಎಂಬ ಅನಿಸಿಕೆಯನ್ನು ಮುಚ್ಚಿಡದೆ ವೈದ್ಯರಿಗೆ ಹಾಗೆಯೇ ಹೇಳಿ.

ಇದೇ ವಯಸ್ಸಿನಲ್ಲಿ ತಪ್ಪಿಹೋಗಬಾರದ ಇನ್ನೊಂದು ಚಿಹ್ನೆಯಿದೆ. ಸಾಮಾನ್ಯವಾಗಿ ನಿದ್ದೆಯಿಂದ ಎದ್ದ ಹೊತ್ತಿನಲ್ಲಿ ತಲೆ ತಟಕ್ಕನೆ ಮುಂದಕ್ಕೆ ಬಾಗಿ, ಕೈಗಳು ಚಾಚಿಕೊಂಡು, ಕ್ಷಣ ಬಿಟ್ಟು ಮತ್ತೆ ಅದೇ ರೀತಿ, ಹೀಗೆ ಸರಣಿಯಾಗಿ ಆಗುವ ಕುಲುಕಾಟ ಶಿಶುಗಳ ಒಂದು ಬಗೆಯ ಅಪಸ್ಮಾರವಾಗಿರಬಹುದು. ಇದನ್ನು ಬೆಚ್ಚುವಿಕೆಯೆಂದೋ ಹೊಟ್ಟೆನೋವೆಂದೋ ತಪ್ಪು ತಿಳಿಯುವುದು ಸುಲಭ. ವಿಡಿಯೋ ಮಾಡಿಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 7: ನಡಿಗೆಗೆ ಅವಸರಪಡಿಸಬೇಡಿ

ಅಟ್ಟದಲ್ಲಿಟ್ಟಿದ್ದ ದೊಡ್ಡ ಮಗುವಿನ ವಾಕರ್, ಅಂದರೆ ಮಗುವನ್ನು ಕೂರಿಸಿ ಬಿಡುವ ಚಕ್ರದ ಚೌಕಟ್ಟು, ಈ ಹೊತ್ತಿಗೆ ಕೆಳಗಿಳಿದು ಬರುತ್ತದೆ. ಅದನ್ನು ಮತ್ತೆ ಮೇಲಕ್ಕೂ ಕಳಿಸಬೇಡಿ, ಇನ್ನೊಬ್ಬರಿಗೂ ಕೊಡಬೇಡಿ, ಎಸೆದುಬಿಡಿ. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ. ಮೆಟ್ಟಿಲಿನಿಂದ ಉರುಳುವ, ಬಿಸಿ ವಸ್ತುಗಳಿಗೆ ಕೈ ತಲುಪುವ ಅಪಾಯವನ್ನು ಮಾತ್ರ ಹೆಚ್ಚಿಸುತ್ತದೆ. ಕೆನಡಾ 2004ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು.

ಕೆಲವು ಮಕ್ಕಳು ಅಂಬೆಗಾಲಿಡದೆ ಕುಳಿತಲ್ಲಿಂದಲೇ ದೇಕುತ್ತಾ ಮುಂದೆ ಸಾಗುತ್ತವೆ. ಇಂಥ ಮಕ್ಕಳು ನಡೆಯುವುದು ಸ್ವಲ್ಪ ತಡವಾಗುವುದುಂಟು, ಮನೆತನದಲ್ಲಿ ಬೇರೆಯವರೂ ಹಾಗೆಯೇ ಇದ್ದದ್ದುಂಟು. ಉಳಿದ ಬೆಳವಣಿಗೆ ಸರಿಯಿದ್ದರೆ ಕಾಯಬಹುದು. ಆದರೆ ಹದಿನೆಂಟು ತಿಂಗಳು ತುಂಬಿದ ಮೇಲೂ ತಾನಾಗಿ ನಡೆಯದ ಮಗುವಿಗೆ, ಅಣ್ಣ ಅಕ್ಕಂದಿರ ಕಥೆ ಏನೇ ಇರಲಿ, ತಪಾಸಣೆ ಬೇಕು.

ಹಂತ 8: ಮಾತಿಗೆ ಮೊದಲು ಕಿವಿಯನ್ನು ಪರೀಕ್ಷಿಸಿ

"ಅಣ್ಣನೇ ಮಾತಾಡಿಬಿಡುತ್ತಾನೆ" ಎಂಬ ವಿವರಣೆಗೆ ಬರೋಣ. ಎರಡನೇ ಮಗುವಿಗೆ ತಂದೆತಾಯಿಗಳು ನೇರವಾಗಿ ಆಡುವ ಮಾತು ಕಡಿಮೆಯಾಗುವುದು ನಿಜ. ಮೊದಮೊದಲು ಪದಗಳ ಸಂಖ್ಯೆಯಲ್ಲಿ ಚೊಚ್ಚಲ ಮಕ್ಕಳು ಸ್ವಲ್ಪ ಮುಂದಿರುವುದೂ ಉಂಟು. ಆದರೆ ಆ ಅಂತರ ಚಿಕ್ಕದು. ಜೊತೆಗೆ, ಮನೆಯಲ್ಲಿ ಮೂವರ ನಡುವಿನ ಸಂಭಾಷಣೆಯನ್ನು ಸದಾ ಕೇಳಿಸಿಕೊಳ್ಳುವ ಎರಡನೇ ಮಕ್ಕಳು "ನಾನು, ನೀನು" ಎಂಬ ಸರ್ವನಾಮಗಳನ್ನು ಸರಿಯಾಗಿ ಬಳಸುವುದರಲ್ಲಿ ಮುಂದಿರುತ್ತಾರೆಂದು ಅಧ್ಯಯನವೊಂದು ಕಂಡುಕೊಂಡಿದೆ. ಎದ್ದು ಕಾಣುವಂಥ ವಿಳಂಬಕ್ಕೆ ಹುಟ್ಟಿದ ಕ್ರಮವನ್ನು ಕಾರಣವಾಗಿ ಒಪ್ಪಿಕೊಳ್ಳುವಂತಿಲ್ಲ. ಮನೆಯಲ್ಲಿ ಎರಡು ಮೂರು ಭಾಷೆಗಳು ಓಡಾಡುತ್ತವೆ ಎಂಬುದನ್ನೂ ಹಾಗೆಯೇ ಒಪ್ಪಲಾಗದು. ಆ ಎಲ್ಲ ಭಾಷೆಗಳ ಪದಗಳನ್ನು ಕೂಡಿಸಿ ಎಣಿಸಬೇಕು, ಅಷ್ಟೇ.

ಗಮನಿಸಬೇಕಾದ ಕ್ರಮ ಹೀಗಿದೆ. ಎರಡು ಮೂರು ತಿಂಗಳಿಗೆ ಸ್ವರಗಳನ್ನು ಎಳೆಯುವ ಗುನುಗು, ನಾಲ್ಕರ ಸುಮಾರಿಗೆ ದನಿ ತೆಗೆದು ನಗು, ಆರರಿಂದ ಹತ್ತು ತಿಂಗಳ ನಡುವೆ "ಬಬಬ, ದದದ" ಎಂಬಂತೆ ವ್ಯಂಜನ ಸೇರಿದ ಉಚ್ಚಾರಗಳ ಸರಣಿ. ಒಂಬತ್ತು ತಿಂಗಳ ಹೊತ್ತಿಗೆ ಹೆಸರು ಕರೆದರೆ ತಿರುಗಿ ನೋಡಬೇಕು. ವರ್ಷದ ಹೊತ್ತಿಗೆ ಕೈಬೀಸುವುದು, ಎತ್ತಿಕೋ ಎಂದು ತೋಳು ಚಾಚುವುದು ಮುಂತಾದ ಸನ್ನೆಗಳು, ಹದಿನೈದು ತಿಂಗಳಿಗೆ ಬೇಕಾದದ್ದನ್ನು ಬೆರಳಿಟ್ಟು ತೋರುವುದು, ಹದಿನೆಂಟಕ್ಕೆ ಅಪ್ಪ ಅಮ್ಮ ಎಂಬುವುಗಳನ್ನು ಬಿಟ್ಟು ಮೂರಾದರೂ ಪದಗಳನ್ನು ಆಡಲು ಯತ್ನಿಸುವುದು ಮತ್ತು ಸನ್ನೆಯ ಸಹಾಯವಿಲ್ಲದೆ "ಅದನ್ನು ಕೊಡು" ಎಂಬಂಥ ಸರಳ ಮಾತನ್ನು ಅರ್ಥ ಮಾಡಿಕೊಳ್ಳುವುದು ನಿರೀಕ್ಷಿತ. ಪದಗಳ ಎಣಿಕೆಗಿಂತ ಸನ್ನೆ ಮತ್ತು ಗ್ರಹಿಕೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಪದಗಳು ಕಡಿಮೆಯಿದ್ದರೂ ಬೆರಳಿಟ್ಟು ತೋರಿಸಿ, ನಿಮ್ಮ ಮುಖ ನೋಡಿ, ಹೇಳಿದ್ದನ್ನು ತಿಳಿದುಕೊಳ್ಳುವ ಮಗುವಿನ ಸ್ಥಿತಿ ಬೇರೆ. ಪದಗಳೂ ಇಲ್ಲದೆ ಸನ್ನೆಯೂ ಇಲ್ಲದೆ ಹೆಸರಿಗೆ ತಿರುಗದ ಮಗುವಿನ ಸ್ಥಿತಿ ಬೇರೆ.

ಕಿವಿಯ ವಿಚಾರದಲ್ಲಿ ಎರಡು ಕಡೆ ಮೋಸ ಹೋಗುವುದುಂಟು. ಒಂದನೆಯದು, ಕಿವಿ ಕೇಳಿಸದ ಶಿಶುಗಳೂ ಮೊದಲ ತಿಂಗಳುಗಳಲ್ಲಿ ಗುನುಗುತ್ತವೆ, ನಗುತ್ತವೆ. ವ್ಯಂಜನಗಳ ಸರಣಿ ಬರಬೇಕಾದ ಹೊತ್ತಿಗಷ್ಟೇ ವ್ಯತ್ಯಾಸ ತಿಳಿಯುತ್ತದೆ. ಹೀಗಾಗಿಯೇ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಅದರಲ್ಲಿ ಸಂದೇಹ ಬಂದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿಯ ಆರಂಭ ಎಂಬ ಗುರಿಯನ್ನು ತಜ್ಞರು ಇಟ್ಟುಕೊಂಡಿದ್ದಾರೆ. ಎರಡನೆಯದು, ಹುಟ್ಟಿದಾಗ ತಪಾಸಣೆಯಲ್ಲಿ ಸರಿಯಿದ್ದ ಕಿವಿ ಮುಂದೆಯೂ ಸರಿಯಿದೆ ಎಂದು ಭಾವಿಸುವುದು. ಮನೆಯಲ್ಲಿ ದೊಡ್ಡ ಮಗುವಿದ್ದರೆ ಶಾಲೆಯ ನೆಗಡಿಯೆಲ್ಲ ಕೂಸಿನವರೆಗೂ ಬರುತ್ತದೆ, ಅದರ ಹಿಂದೆಯೇ ಕಿವಿಯ ಸೋಂಕು ಬರುತ್ತದೆ. ತಮಟೆಯ ಹಿಂಭಾಗದಲ್ಲಿ ದ್ರವ ನಿಂತುಕೊಂಡರೆ ನೋವಿಲ್ಲದೆಯೇ ವಾರಗಟ್ಟಲೆ ಕೇಳಿಸುವುದು ಮಂದವಾಗಬಹುದು. ಮಾತು ತಡವಾಗಿದೆ ಎನಿಸಿದ ಯಾವುದೇ ಮಗುವಿಗೆ ಮೊದಲ ಹೆಜ್ಜೆ ಶ್ರವಣ ಪರೀಕ್ಷೆಯೇ. ಬೆನ್ನ ಹಿಂದೆ ತಟ್ಟೆ ಬಡಿದು ನೋಡುವುದನ್ನು ಪರೀಕ್ಷೆ ಎನ್ನಲಾಗದು: ಮಗು ಕಂಪನಕ್ಕೋ ನೆರಳಿಗೋ ತಿರುಗಿರಬಹುದು, ದೊಡ್ಡ ಸದ್ದು ಕೇಳುವ ಕಿವಿಗೆ ಮಾತಿನ ಮೆಲುದನಿ ಕೇಳದೇ ಇರಬಹುದು.

ಈ ನಡುವೆ ಮನೆಯಲ್ಲಿ ಮಾಡಬಹುದಾದದ್ದೂ ಇದೆ. ದೊಡ್ಡದು ಇಲ್ಲದ ಹೊತ್ತಿನಲ್ಲಿ, ಸ್ನಾನ ಮಾಡಿಸುವಾಗಲೋ ಬಟ್ಟೆ ತೊಡಿಸುವಾಗಲೋ, ಚಿಕ್ಕದರೊಂದಿಗೆ ಮುಖಾಮುಖಿಯಾಗಿ ಮಾತಾಡಿ. ಅದು ಒಂದು ಸದ್ದು ಮಾಡಿದರೆ ಅದೇ ಸದ್ದನ್ನು ಮರಳಿ ಮಾಡಿ, ಅದರ ಸರದಿಗಾಗಿ ಕಾಯಿರಿ. ದೊಡ್ಡ ಮಗುವಿಗೆ "ತಂಗಿಗೆ ಏನು ಬೇಕೋ ಹೇಳು" ಎಂದು ಕೇಳುವ ಬದಲು "ತಂಗಿಯೇ ಹೇಳುತ್ತಾಳೋ ನೋಡೋಣ, ಐದು ಎಣಿಸು" ಎಂದರೆ ಅದಕ್ಕೂ ಒಂದು ಆಟ ಸಿಗುತ್ತದೆ.

ಹಂತ 9: ದೊಡ್ಡ ಮಗು ಹಿಂದೆ ಸರಿದರೆ ಅದನ್ನು ಬೇರೆಯಾಗಿ ನೋಡಿ

ಚಿಕ್ಕದು ತೆವಳಲು ಶುರು ಮಾಡಿ ಎಲ್ಲರ ಗಮನ ಸೆಳೆದಾಗ ದೊಡ್ಡದು ತೊದಲಿ ಮಾತಾಡುವುದು, ರಾತ್ರಿ ಹಾಸಿಗೆ ಒದ್ದೆ ಮಾಡುವುದು, ತುತ್ತು ತಿನ್ನಿಸೆಂದು ಕೂರುವುದು ಸಾಮಾನ್ಯ. ಗದರದೆ, ಹೆಚ್ಚು ಮಾತಿಗೂ ತರದೆ ಬಿಟ್ಟರೆ ಬಹುಪಾಲು ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ. ಆದರೆ ಚಿಕ್ಕ ಮಗು ಕಲಿತದ್ದನ್ನು ಕಳೆದುಕೊಂಡರೆ, ಅಂದರೆ ಆಡುತ್ತಿದ್ದ ಪದ ನಿಂತುಹೋದರೆ, ಕೂರುತ್ತಿದ್ದದ್ದು ಕೂರಲಾಗದಿದ್ದರೆ, ಕಣ್ಣಿಗೆ ಕಣ್ಣು ಕೊಡುವುದನ್ನು ಬಿಟ್ಟರೆ, ಅದಕ್ಕೆ ಅಸೂಯೆಯ ಅಥವಾ ಹಟದ ವಿವರಣೆ ಕೊಡಬೇಡಿ. ಯಾವ ವಯಸ್ಸಿನಲ್ಲೇ ಆಗಲಿ, ಅದನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹಂತ 10: ವೈದ್ಯರ ಬಳಿಗೆ ಸಿದ್ಧವಾಗಿ ಹೋಗಿ

ಅಮೆರಿಕದ ಶಿಶುವೈದ್ಯರ ಅಕಾಡೆಮಿಯು 9, 18 ಮತ್ತು 30 ತಿಂಗಳುಗಳಲ್ಲಿ ಎಲ್ಲ ಮಕ್ಕಳಿಗೂ ಬೆಳವಣಿಗೆಯ ಪ್ರಶ್ನಾವಳಿ ಆಧಾರಿತ ತಪಾಸಣೆಯನ್ನು, 18 ಮತ್ತು 24 ತಿಂಗಳಿಗೆ ಆಟಿಸಂ ತಪಾಸಣೆಯನ್ನು ಶಿಫಾರಸು ಮಾಡುತ್ತದೆ. ನಿಮ್ಮಲ್ಲಿ ಇಂಥ ವ್ಯವಸ್ಥೆ ಇಲ್ಲದಿದ್ದರೂ ಆ ತಿಂಗಳುಗಳಲ್ಲಿ ಬೆಳವಣಿಗೆಯ ಬಗ್ಗೆ ಪ್ರತ್ಯೇಕವಾಗಿ ಕೇಳಬಹುದು. ಲಸಿಕೆಯ ದಿನ ಗದ್ದಲದ ನಡುವೆ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ "ಸರಿಹೋಗುತ್ತದೆ ಬಿಡಿ" ಎಂಬ ಉತ್ತರವೇ ಸಿಗುವ ಸಂಭವ ಹೆಚ್ಚು. ಅದಕ್ಕೆಂದೇ ಬೇರೆ ಸಮಯ ಕೇಳಿ ಹೋಗುವುದು ಒಳ್ಳೆಯದು. ಸಾಧ್ಯವಾದರೆ ದೊಡ್ಡ ಮಗುವನ್ನು ಆ ದಿನ ಬೇರೆಯವರ ಬಳಿ ಬಿಟ್ಟು ಹೋಗಿ.

ಮಾತನ್ನು ಹೋಲಿಕೆಯಿಂದ ಆರಂಭಿಸಬೇಡಿ. "ಅಕ್ಕನಷ್ಟು ಚುರುಕಿಲ್ಲ" ಎಂದರೆ ಉತ್ತರವೂ "ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ" ಎಂದಾಗುತ್ತದೆ. "ತಿದ್ದಿದ ವಯಸ್ಸು ಹತ್ತೂವರೆ ತಿಂಗಳು, ಆಸರೆಯಿಲ್ಲದೆ ಕೂರುವುದಿಲ್ಲ, ಎಡಗೈ ಮುಷ್ಟಿ ಬಿಚ್ಚುವುದಿಲ್ಲ, ಇಗೋ ವಿಡಿಯೋ" ಎಂದರೆ ಪರೀಕ್ಷೆ ಅಲ್ಲಿಂದಲೇ ಶುರುವಾಗುತ್ತದೆ. ಕಾದು ನೋಡೋಣ ಎಂದು ವೈದ್ಯರು ಹೇಳಿದರೆ ಮೂರು ಪ್ರಶ್ನೆ ಕೇಳಿ: ಎಷ್ಟು ವಾರ ಕಾಯಬೇಕು, ಅಷ್ಟರೊಳಗೆ ಏನು ಕಾಣಿಸಬೇಕು, ಕಾಣಿಸದಿದ್ದರೆ ಮುಂದಿನ ತಪಾಸಣೆ ಯಾರಲ್ಲಿ. ಉತ್ತರವನ್ನು ದಿನಾಂಕದ ಸಮೇತ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಫಿಸಿಯೋಥೆರಪಿ ಅಥವಾ ಮಾತಿನ ತರಬೇತಿ ಆರಂಭಿಸಲು ರೋಗದ ಹೆಸರು ಖಚಿತವಾಗಲೇಬೇಕೆಂದಿಲ್ಲ. ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕಾದರೆ ಆ ನಡುವೆಯೇ ತರಬೇತಿ ಶುರು ಮಾಡಬಹುದೇ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿಬಿಡಿ.